ಅಡಿಕೆ ಬೆಳೆಯುವವರ ಮುಂದೆ ಕ್ಯಾನ್ಸರ್ ಉಪನ್ಯಾಸ: ಕಾಸರಗೋಡಿನಲ್ಲಿ ಏರ್ಪಡಿಸುವ ಕ್ರಮ

ಕ್ಯಾನ್ಸರ್ ಬಗ್ಗೆ ಜನರಿಗೆ ತಿಳಿಸುವುದು ಹೇಗೆಂದು ಸಂಶೋಧಿಸುವ ವಿಶ್ವವಿದ್ಯಾಲಯ ಕೇಂದ್ರವೊಂದರ ಸೆಮಿನಾರಿನಲ್ಲಿ ಕೂತವರೆಲ್ಲ ಅದೇ ವಿಷಯ ಓದಿದವರು. ಮುಕ್ಕಾಲು ಗಂಟೆ ಮಾತು, ಇಂಗ್ಲಿಷ್ ಸ್ಲೈಡು, ಕೊನೆಗೆ ಹತ್ತು ನಿಮಿಷ ಪ್ರಶ್ನೆ. ಅಲ್ಲಿಗೆ ಅದು ಸರಿ. ಅದನ್ನೇ ಬದಿಯಡ್ಕದ್ದೋ ಮುಳ್ಳೇರಿಯದ್ದೋ ಸಭಾಭವನಕ್ಕೆ ಎತ್ತಿ ತಂದರೆ ಹತ್ತನೇ ನಿಮಿಷಕ್ಕೇ ಸಭೆ ಕೈತಪ್ಪುತ್ತದೆ. ವೈದ್ಯರ ಜ್ಞಾನ ಸಾಲದೆ ಹೀಗಾಗುವುದು ಅಪರೂಪ. ಪದ, ಅಂಕಿ, ಅಡಿಕೆ – ಈ ಮೂರರಲ್ಲಿ ಒಂದು ಎಡವಿಸಿರುತ್ತದೆ.

ಮೊದಲು ದಿನ ಗೊತ್ತು ಮಾಡಿ. ಮಳೆಗಾಲದಲ್ಲಿ ಒಂದು ಹೊಳವು ಸಿಕ್ಕರೆ ತೋಟದವರೆಲ್ಲ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಹೊರಡುತ್ತಾರೆ, ಆಗ ಸಭೆ ಇಡಬೇಡಿ. ಬೆಳಗ್ಗೆ ಹತ್ತೂವರೆಗೆ ಶುರು, ಹನ್ನೆರಡಕ್ಕೆ ಮುಕ್ತಾಯ ಎಂದಿಟ್ಟರೆ ಒಳನಾಡಿನವರಿಗೆ ಬಸ್ಸು ಹಿಡಿಯಲು ಅನುಕೂಲ.

ಉಪನ್ಯಾಸಕರಿಗೆ ಒಂದೇ ಪ್ರಶ್ನೆ ಕೊಡಿ. “ಕ್ಯಾನ್ಸರ್ ಜಾಗೃತಿ” ಎಂದರೆ ಅವರು ಎಲ್ಲವನ್ನೂ ಹೇಳಲು ಹೋಗಿ ಏನನ್ನೂ ಮುಟ್ಟಿಸುವುದಿಲ್ಲ. “ಬಾಯಿಯ ಕ್ಯಾನ್ಸರನ್ನು ಮನೆಯಲ್ಲೇ ಮೊದಲು ಗುರುತಿಸುವುದು ಹೇಗೆ” ಎಂದು ಕೇಳಿ. ಮಾತಿಗೆ 20 ನಿಮಿಷ, ಪ್ರಶ್ನೋತ್ತರಕ್ಕೆ 40 ನಿಮಿಷ.

ಒಂದು ವಾರ ಮುಂಚೆ ಉಪನ್ಯಾಸಕರ ಜೊತೆ ಕೂತು ಪದಗಳನ್ನು ಗಟ್ಟಿ ಮಾಡಿಕೊಳ್ಳಿ. ಕ್ಯಾನ್ಸರ್ ಎಂದೇ ಹೇಳಲಿ. ಮಲಯಾಳಂ ಪತ್ರಿಕೆ ಓದುವವರಿಗೆ ಅರ್ಬುದ ಗೊತ್ತು, ಏಡಿಗಂತಿ ಮಾತ್ರ ನಿಘಂಟಿನಲ್ಲೇ ಉಳಿದಿದೆ. ಸ್ಕ್ರೀನಿಂಗ್ ಎನ್ನುವ ಬದಲು “ಏನೂ ತೊಂದರೆ ಇಲ್ಲದಾಗಲೇ ನೋಡಿಸಿಕೊಳ್ಳುವುದು” ಎನ್ನಲಿ. ಬಯಾಪ್ಸಿ ಎಂದ ಕೂಡಲೇ “ಚೂರು ತೆಗೆದರೆ ಹರಡುತ್ತದಂತೆ” ಎಂಬ ಭಯ ಏಳುತ್ತದೆ. ಯಾರೂ ಕೇಳದಿದ್ದರೂ ಅದಕ್ಕೆ ಉತ್ತರ ಕೊಡಿ: ಬಾಯಿಯ ಹುಣ್ಣಿನಿಂದ ಚೂರು ತೆಗೆದು ನೋಡದೆ ಕಾಯಿಲೆ ಯಾವುದೆಂದು ಖಚಿತವಾಗುವುದಿಲ್ಲ, ಚಿಕಿತ್ಸೆ ತಡವಾಗುವುದೇ ನಿಜವಾದ ಅಪಾಯ. ಸಭೆಯಲ್ಲಿ ತುಳು, ಮಲಯಾಳಂ ಮನೆಮಾತಿನವರೂ ಇರುತ್ತಾರೆ. ಹಾಗಾಗಿ ಎಲೆಯಡಿಕೆ ಎಂದ ಮೇಲೆ ಬಚ್ಚಿರೆ-ಬಜ್ಜೆಯಿ, ಮುರುಕ್ಕಾನ್ ಎಂದೂ ಒಮ್ಮೆ ಹೇಳಿಬಿಟ್ಟರೆ ಸಾಕು.

ಅಂಕಿಗಳ ಮೇಲೆ ಹೆಚ್ಚು ಹೊತ್ತು ಕೂರಬೇಕು. ಕೇರಳದಲ್ಲೇ, ತಿರುವನಂತಪುರದಲ್ಲಿ, 1996ರಲ್ಲಿ ಶುರುವಾದ ದೊಡ್ಡ ಪ್ರಯೋಗವೊಂದಿದೆ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿ ನೋಡಿದರು, ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ತಂಬಾಕು ಅಥವಾ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಶೇಕಡ 34ರಷ್ಟು ಕಡಿಮೆಯಾಗಿತ್ತು. ಸ್ಲೈಡಿನಲ್ಲಿ ಬರೇ “ಶೇ. 34” ಎಂದು ಬರೆದರೆ ನೂರರಲ್ಲಿ 34 ಮಂದಿ ಬದುಕಿದರೆಂದು ಜನ ತಿಳಿಯುತ್ತಾರೆ. ಅದು ತಪ್ಪು. ಹೀಗೆ ಬಿಡಿಸಿ: “ಇಂಥ ಅಭ್ಯಾಸದ ಒಂದು ಲಕ್ಷ ಮಂದಿಯಲ್ಲಿ, ಬಾಯಿ ನೋಡದ ಕಡೆ ವರ್ಷಕ್ಕೆ ಸುಮಾರು 45 ಜನ ಬಾಯಿಯ ಕ್ಯಾನ್ಸರಿನಿಂದ ಸತ್ತರು, ನೋಡಿದ ಕಡೆ ಸುಮಾರು 30.” ಈ ಅಂಕಿಯನ್ನು ಯಾರೂ ತಪ್ಪಾಗಿ ಹೊತ್ತುಕೊಂಡು ಮನೆಗೆ ಹೋಗುವುದಿಲ್ಲ.

ಇನ್ನು ಅಡಿಕೆ. ಇದನ್ನು ತಪ್ಪಿಸಿಕೊಂಡು ಮಾತನಾಡುವ ಉಪನ್ಯಾಸಕರನ್ನು ಸಭೆ ಕೂಡಲೇ ಗುರುತಿಸುತ್ತದೆ, ಬೈದು ಮಾತನಾಡುವವರನ್ನು ಕೇಳಿಸಿಕೊಳ್ಳುವುದಿಲ್ಲ. ನೇರವಾಗಿ ಹೇಳಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ 85ನೇ ಸಂಪುಟದಲ್ಲಿ ಅಡಿಕೆಯನ್ನೂ, ಹೊಗೆಸೊಪ್ಪು ಹಾಕದ ಎಲೆಯಡಿಕೆಯನ್ನೂ ಒಂದನೇ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ಖಚಿತವಾದವುಗಳ ಗುಂಪಿಗೆ, ಸೇರಿಸಿದೆ. ಜೊತೆಗೇ ಇದನ್ನೂ ಹೇಳಬೇಕು: ಗುಂಪಿನ ಸಂಖ್ಯೆ ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಅಪಾಯ ಎಷ್ಟೆಂಬುದು ದಿನಕ್ಕೆ ಎಷ್ಟು ಸಲ, ಎಷ್ಟು ವರ್ಷ, ಹೊಗೆಸೊಪ್ಪು ಇದೆಯೋ ಇಲ್ಲವೋ ಎಂಬುದರ ಮೇಲೆ ಹೋಗುತ್ತದೆ. “ನಮ್ಮ ಅಜ್ಜ ತೊಂಬತ್ತರವರೆಗೂ ಎಲೆ ತಿಂದರು” ಎಂದು ಯಾರಾದರೂ ಎದ್ದು ನಿಲ್ಲುತ್ತಾರೆ. ಅದು ನಿಜವೇ ಇರುತ್ತದೆ, ಅಲ್ಲಗಳೆಯಬೇಡಿ. ತಿಂದವರಿಗೆಲ್ಲ ಬರುವುದಿಲ್ಲ, ತಿನ್ನದವರಿಗಿಂತ ತಿಂದವರಲ್ಲಿ ಹೆಚ್ಚು ಮಂದಿಗೆ ಬರುತ್ತದೆ. ಬೆಳೆಯುವುದು ಬೇರೆ, ರಾತ್ರಿಯಿಡೀ ದವಡೆಯಲ್ಲಿ ಇಟ್ಟುಕೊಂಡು ಮಲಗುವುದು ಬೇರೆ. ಸಭೆ ಆ ಅಭ್ಯಾಸದ ಬಗ್ಗೆ ಯೋಚಿಸುವಂತಾದರೆ ಸಾಕು.

ಮಾತಿನ ನಡುವೆ ಕೈಗನ್ನಡಿ ಹಂಚಿ, ಐದು ಜನಕ್ಕೆ ಒಂದರಂತೆ. ಮೊಬೈಲಿನ ಟಾರ್ಚ್ ಹಾಕಿಸಿ. ಮೊದಲು ತುಟಿಯ ಒಳಭಾಗ, ಆಮೇಲೆ ಎಲೆ ಇಡುವ ಕಡೆಯ ಕೆನ್ನೆ, ನಾಲಿಗೆಯ ಎರಡೂ ಅಂಚು, ಕೊನೆಗೆ ನಾಲಿಗೆ ಎತ್ತಿ ಅದರ ಅಡಿ. ಉಜ್ಜಿದರೂ ಹೋಗದ ಬಿಳಿ ಕಲೆ, ಕೆಂಪು ಕಲೆ, ಎರಡು ವಾರ ಕಳೆದರೂ ಮಾಯದ ಹುಣ್ಣು ಕಂಡರೆ ತೋರಿಸಿಕೊಳ್ಳಬೇಕು. ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಿಡಿಯುತ್ತದೆಯೇ ನೋಡಿಸಿ. ಅಡಿಕೆ ತಿನ್ನುವವರಲ್ಲಿ ಕೆಲವರಿಗೆ ಒಳಚರ್ಮ ಬಿಗಿದು ಬಾಯಿ ತೆರೆಯುವುದು ಕಡಿಮೆಯಾಗುತ್ತದೆ, ಖಾರ ತಿಂದರೆ ಉರಿಯುತ್ತದೆ. ನೋವಿಲ್ಲ ಎಂದು ಸುಮ್ಮನಿರುವುದೇ ಇಲ್ಲಿ ಆಗುವ ದೊಡ್ಡ ತಪ್ಪು, ಆರಂಭದ ಕಲೆ ಹೆಚ್ಚಾಗಿ ನೋಯುವುದಿಲ್ಲ.

ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮೈಕಿನಲ್ಲಿ ಹೆಂಗಸರು ಕೇಳದ ಪ್ರಶ್ನೆ ಚೀಟಿಯಲ್ಲಿ ಬರುತ್ತದೆ. ಯಾರ ರಿಪೋರ್ಟನ್ನೂ ವೇದಿಕೆಯಲ್ಲಿ ಓದಬಾರದು. ಇಲ್ಲಿನ ಗೇರು ತೋಟಗಳಿಗೆ ಹಿಂದೆ ಸಿಂಪಡಿಸುತ್ತಿದ್ದ ಕೀಟನಾಶಕ ಎಂಡೋಸಲ್ಫಾನ್‌ನ ಪ್ರಶ್ನೆ ಈ ಜಿಲ್ಲೆಯಲ್ಲಿ ಬಂದೇ ಬರುತ್ತದೆ, ಅದು ಜನರ ನೋವು. ಅದಕ್ಕೆ ಉತ್ತರಿಸಬಲ್ಲವರು ವೇದಿಕೆಯಲ್ಲಿರಲಿ, “ವಿಷಯಕ್ಕೆ ಸಂಬಂಧವಿಲ್ಲ” ಎಂದು ತಳ್ಳಬೇಡಿ.

ಬಾಗಿಲ ಬಳಿ ಮೇಜು ಹಾಕಿ ಆಶಾ ಕಾರ್ಯಕರ್ತೆಯನ್ನು ಕೂರಿಸಿ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಬಾಯಿ ನೋಡುವ ದಿನ, ಮುಂದಿನ ಚಿಕಿತ್ಸೆಗೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರೋ ಮಂಗಳೂರೋ ಎಂಬುದು ಕನ್ನಡದಲ್ಲೇ ಬರೆದ ಚೀಟಿಯಲ್ಲಿರಲಿ. ಗಡಿ ದಾಟಿದರೆ ಕೇರಳದ ಆರೋಗ್ಯ ಕಾರ್ಡು ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಎಂದು ಮೊದಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಚೀಟಿ ಪಡೆದವರು ಒಪ್ಪಿದರೆ ನಂಬರು ಬರೆದಿಟ್ಟು, ಎರಡು ವಾರದ ಮೇಲೆ ಅವರಿಗೆ ಕರೆ ಮಾಡಿ: ಹೋದಿರಾ, ಹೋಗದಿದ್ದರೆ ಅಡ್ಡ ಬಂದದ್ದು ಏನು? ಬಸ್ಸೋ, ಹಣವೋ, ಭಯವೋ ಎಂಬುದನ್ನು ಬರೆದಿಡಿ, ಮುಂದಿನ ಉಪನ್ಯಾಸ ಅದರ ಮೇಲೆಯೇ ಇರಲಿ.