ಮೊಸ್ಕೊಫಿಲೆರೊ ಎಷ್ಟು ತಂಪಿರಬೇಕು?

ಮೊಸ್ಕೊಫಿಲೆರೊ ಗ್ರೀಸಿನ ಪೆಲೊಪೊನೀಸ್ ಕಡೆಯ ದ್ರಾಕ್ಷಿ. ಸಿಪ್ಪೆ ನಸುಗೆಂಪು, ವೈನ್ ಮಾತ್ರ ಬಿಳಿ. ಹೆಸರಾದದ್ದು ಟ್ರಿಪೊಲಿ ಊರಿನ ಬಳಿಯ ಮಾಂತಿನಿಯಾ ಬಯಲಿನದು. ಅದು ಸುಮಾರು 650 ಮೀಟರ್ ಎತ್ತರದಲ್ಲಿದೆ. ಹಾಸನಕ್ಕಿಂತ ತಗ್ಗು, ಆದರೂ ಚಳಿ ಹೆಚ್ಚು. ಹಣ್ಣು ನಿಧಾನ ಮಾಗುತ್ತದೆ, ಕೊಯ್ಲು ಅಕ್ಟೋಬರ್‌ವರೆಗೂ ಹೋಗುತ್ತದೆ. ಹಾಗಾಗಿ ಹುಳಿ ಉಳಿಯುತ್ತದೆ, ಆಲ್ಕೋಹಾಲ್ ಸಾಮಾನ್ಯವಾಗಿ 11ರಿಂದ 12.5% ಒಳಗೇ ನಿಲ್ಲುತ್ತದೆ. ಏಪ್ರಿಲ್ ಮಧ್ಯಾಹ್ನಕ್ಕೆ ಅಷ್ಟು ಸಾಕು.

ಲೇಬಲ್ ಮೇಲೆ ಮಾಂತಿನಿಯಾ ಎಂದಿದ್ದರೆ ನಿಯಮದ ಪ್ರಕಾರ ಕನಿಷ್ಠ 85% ಇದೇ ದ್ರಾಕ್ಷಿ. ಕೊಯ್ಲಿನ ವರ್ಷ ನೋಡಿ. ಎರಡು-ಮೂರು ವರ್ಷದೊಳಗಿನದೇ ಬೇಕು, ಅಟ್ಟದಲ್ಲಿಟ್ಟು ಹಳೆಯದಾಗಿಸುವ ವೈನ್ ಇದಲ್ಲ. ಹೆಂಚಿನ ಕೆಳಗಿನ ಅಟ್ಟವಂತೂ ಬೇಡವೇ ಬೇಡ.

ಇದರ ಗುಲಾಬಿ, ನಿಂಬೆಸಿಪ್ಪೆ ಪರಿಮಳ ಚೆನ್ನಾಗಿ ಏಳುವುದು 8ರಿಂದ 10 ಡಿಗ್ರಿಯಲ್ಲಿ. ಫ್ರಿಜ್‌ನ 4 ಡಿಗ್ರಿಯಲ್ಲಿ ಪರಿಮಳ ಅಡಗಿ ಬರೀ ಹುಳಿ ನಾಲಿಗೆಗೆ ಹತ್ತುತ್ತದೆ. 14 ದಾಟಿತೋ, ಸಪ್ಪೆ. ಆದ್ದರಿಂದ ಎರಡೂವರೆ-ಮೂರು ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ರಾತ್ರಿಯಿಡೀ ಇಟ್ಟಿದ್ದರೆ ಕುಡಿಯುವ ಹತ್ತು ನಿಮಿಷ ಮುಂಚೆ ಹೊರಗಿಡಿ.

ಕರೆಂಟ್ ಹೋಗಿದ್ದರೆ ಬಕೆಟ್ಟೇ ವಾಸಿ. ಅರ್ಧ ಐಸ್, ಅರ್ಧ ನೀರು, ಎರಡು ಹಿಡಿ ಕಲ್ಲುಪ್ಪು, ಬಾಟಲಿಯ ಕತ್ತಿನವರೆಗೆ. ಇಪ್ಪತ್ತು ನಿಮಿಷ ಸಾಕು. ನೀರು ಹಾಕದೆ ಐಸ್ ಮಾತ್ರ ತುಂಬುವುದು ಎಲ್ಲರೂ ಮಾಡುವ ತಪ್ಪು: ಗಡ್ಡೆಗಳು ಅಲ್ಲಲ್ಲಿ ತಾಗುತ್ತವೆ, ನಡುವಿನ ಗಾಳಿ ತಂಪನ್ನು ಬಿಡುವುದಿಲ್ಲ. ನೀರು ಬಾಟಲಿಯನ್ನು ಸುತ್ತಲೂ ಹಿಡಿಯುತ್ತದೆ. ಫ್ರೀಜರ್‌ನಲ್ಲಿಟ್ಟು ಮರೆತರೆ ವೈನ್ ಹೆಪ್ಪುಗಟ್ಟಿ ಹಿಗ್ಗುತ್ತದೆ, ಬಿರಡೆ ಹೊರಬರುತ್ತದೆ ಇಲ್ಲವೇ ಬಾಟಲಿ ಒಡೆಯುತ್ತದೆ. ಲೋಟಕ್ಕೆ ಐಸ್ ಹಾಕಬೇಡಿ, ಮೊದಲೇ ತೆಳುವಾದ ವೈನ್ ನೀರಾಗುತ್ತದೆ.

750 ಮಿ.ಲೀ. ಬಾಟಲಿಯಲ್ಲಿ 150 ಮಿ.ಲೀ.ಯ ಐದು ಗ್ಲಾಸ್ ಆಗುತ್ತದೆ. ನಮ್ಮ ಸೆಖೆಯಲ್ಲಿ ಅಷ್ಟೂ ಒಮ್ಮೆಗೇ ಬೇಡ. 75ರಂತೆ ಎರಡು ಸಲ ಸುರಿಯಿರಿ, ಬಾಟಲಿ ಬಕೆಟ್‌ನಲ್ಲೇ ಇರಲಿ. ನೀರು ತೀರಾ ತಣ್ಣಗಾದರೆ ನಡುನಡುವೆ ಮೇಜಿಗೆ ತೆಗೆದಿಡಿ.

ಮೊದಲು ಮೂಸಿ. ನೆನೆದ ಗೋಣಿಚೀಲದ ಮುಗ್ಗು ವಾಸನೆ ಬಂದರೆ (ಕಾಫಿ ಗೋದಾಮು ಕಂಡವರಿಗೆ ವಿವರಿಸಬೇಕಿಲ್ಲ) ಬಿರಡೆ ಕೆಟ್ಟಿದೆ, ಎಷ್ಟು ಹೊತ್ತು ಬಿಟ್ಟರೂ ಹೋಗದು. ಬಣ್ಣ ಕಂದಾಗಿ, ಹೆಚ್ಚಿಟ್ಟ ಸೇಬಿನ ವಾಸನೆ ಬಂದರೆ ಗಾಳಿ ಹೊಕ್ಕಿದೆ. ತಳದಲ್ಲಿ ಗಾಜಿನಂಥ ಹರಳಿದ್ದರೆ ಗಾಬರಿ ಬೇಡ: ಹುಣಸೆಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲವೇ ಪೊಟ್ಯಾಸಿಯಂ ಜೊತೆ ಸೇರಿ ತಂಪಿಗೆ ಹರಳುಗಟ್ಟಿರುತ್ತದೆ.

ಜೊತೆಗೆ ಸೌತೆಕಾಯಿ ಕೋಸಂಬರಿ, ನಿಂಬೆ ಹಿಂಡಿದ ಕಾಣೆ ಫ್ರೈ, ನೀರುದೋಸೆ ಮತ್ತು ತೆಂಗಿನಹಾಲಿನ ಕೋಳಿ. ಆಲ್ಕೋಹಾಲ್ ಕಡಿಮೆಯಿರುವುದರಿಂದ ಹಸಿಮೆಣಸಿನ ಖಾರವನ್ನು ಇದು ಕೆರಳಿಸುವುದಿಲ್ಲ. ಕಾಳುಮೆಣಸು ಹಾಕಿ ಕಪ್ಪಗೆ ಹುರಿದ ಹಂದಿಮಾಂಸದ ಮುಂದೆ ಮಾತ್ರ ಇದು ಕಳೆದೇಹೋಗುತ್ತದೆ, ಅದಕ್ಕೆ ಕೆಂಪು ವೈನ್ ಹುಡುಕಿ.

ಉಳಿದದ್ದನ್ನು ಮುಚ್ಚಿ ಫ್ರಿಜ್‌ನಲ್ಲಿಡಿ. ಎರಡು ದಿನ ಚೆನ್ನಾಗಿರುತ್ತದೆ, ಮೂರನೆಯ ದಿನ ಗುಲಾಬಿ ಹೋಗಿ ಹುಳಿ ಉಳಿಯುತ್ತದೆ. ಅದನ್ನು ಮೀನಿನ ಮಸಾಲೆ ಕಲಸಲು ಬಳಸಿ.