ಮೃತ್ಯುಪತ್ರದಾಗ (ವಿಲ್) ಹೊಲ ಹಂಚೂದು ಹ್ಯಾಂಗ?

ಜಮಖಂಡಿಯಾಗ ದಸ್ತು ಬರಿಯಾಂವ ನಾನು. ಬಂದೋರಿಗೆ ಮೊದಲ ಕೇಳೂದು: ಹೊಲ ಸ್ವಂತ ಗಳಿಸಿದ್ದೋ, ಹಿರೇರದೋ? ಹಿರೇರದಾದ್ರ ನಿಮ್ಮ ಪಾಲಷ್ಟ ಬರೀಲಿಕ್ಕೆ ಬರತೈತಿ. ಹಿಂದೂ ವಾರಸಾ ಕಾಯ್ದೆಗೆ 2005ರಾಗ ತಿದ್ದುಪಡಿ ಆದಮ್ಯಾಲ ಹೆಣ್ಮಕ್ಕಳಿಗೂ ಗಂಡ್ಮಕ್ಕಳಷ್ಟ ಹಕ್ಕೈತಿ. "ಆಕಿಗೆ ಮದುವ್ಯಾಗ ಬಂಗಾರ ಹಾಕೇವಲ್ರಿ" ಅಂದ್ರ ಆ ಹಕ್ಕು ಹೋಗೂದಿಲ್ಲ.

ಉತಾರ (ಹೊಲದ ಪಹಣಿ) ಮುಂದಿಟ್ಟುಕೊಂಡು ಬರೀರಿ. "ದೊಡ್ಡಾಂವಗ ಅರ್ಧ" ಅಂದ್ರ ಸಾಲೂದಿಲ್ಲ. ಸರ್ವೆ ನಂಬರ್, ಎಕರೆ-ಗುಂಟೆ, ಚಕ್ಕಬಂದಿ (ನಾಕೂ ದಿಕ್ಕಿನ ಗಡಿ) ಬೇಕು: "ಮೂಡಲ ಬದಿ 2 ಎಕರೆ 20 ಗುಂಟೆ, ಬಡಗಣಕ್ಕ ಹಳ್ಳ" ಹೀಂಗ. ನಮ್ಮ ಕಡೆ ಹೆಚ್ಚಿನ ಜಗಳ ಹುಟ್ಟೂದು ನೀರಿಗೆ. ಬೋರ್ ಒಬ್ಬನ ಪಾಲಿನ್ಯಾಗ ಬಿದ್ರ ಉಳಿದವರ ಪಾಳಿ ಎಷ್ಟು ತಾಸು, ಮೋಟರ್ ಸುಟ್ರ ಖರ್ಚು ಯಾರದು, ಕಬ್ಬಿನ ಟ್ರ್ಯಾಕ್ಟರ್ ಯಾವ ಬದುವಿನ ಮ್ಯಾಲೆ ಹಾಯಬೇಕು, ಎಲ್ಲಾ ಬರೀರಿ. ಹೆಂಡ್ತಿ ಜೀವ ಇರೂತನಕ ಮನಿಯಾಗ ಇರಾಕ ಹಕ್ಕೈತಿ ಅಂತನೂ ಹಾಕ್ರಿ; ಮಂದಿ ಮರಿಯೂದು ಇದನ್ನ.

ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳಿ ನಡೀತೈತಿ. ನೋಂದಣಿ ಕಡ್ಡಾಯ ಅಲ್ಲ, ಆದ್ರೂ ಮಾಡಿಸ್ರಿ. ನೀವು ಸಹಿ ಮಾಡೂದನ್ನ ಕಣ್ಣಾರೆ ನೋಡಿದ ಇಬ್ಬರು ಸಾಕ್ಷಿ ಸಹಿ ಹಾಕಬೇಕು. ಪಾಲು ಸಿಗೋರು ಬ್ಯಾಡ. ನಿಮಗಿಂತ ಸಣ್ಣ ವಯಸ್ಸಿನವರನ್ನ ಕರೀರಿ, ನಾಳೆ ಕೋರ್ಟಿಗೆ ಬಂದು ಹೇಳೋರು ಅವರ.