ಟ್ರಿಗರ್ ಇಂಜೆಕ್ಷನ್: ಗಡಿಯಾರ ನೋಡಿಯೇ ಚುಚ್ಚಿ

ಐವಿಎಫ್‌ನಲ್ಲಿ (ಮೊಟ್ಟೆ ಹೊರತೆಗೆದು ಲ್ಯಾಬಿನಲ್ಲಿ ಭ್ರೂಣ ಮಾಡುವ ಚಿಕಿತ್ಸೆ) ದಿನಾ ತಪ್ಪದೆ ಇಂಜೆಕ್ಷನ್ ತೆಗೆದುಕೊಂಡವರು ಕೊನೆಯ ಒಂದರಲ್ಲಿ ಎಡವುತ್ತಾರೆ. ಅದೇ ಟ್ರಿಗರ್, ತೆಗೆಯುವ ಮುಂಚೆ ಮೊಟ್ಟೆಯನ್ನು ಬಲಿಸುವ ಇಂಜೆಕ್ಷನ್. ಇಂಥವರನ್ನು ನೋಡಿ ನೋಡಿಯೇ ಇದನ್ನು ಬರೆಯಲು ಕೂತೆ.

ಅದಕ್ಕೂ ಮುಂಚಿನ ಇಂಜೆಕ್ಷನ್, ಸ್ಕ್ಯಾನ್, ರಕ್ತಪರೀಕ್ಷೆ ಎಲ್ಲ ಡಾಕ್ಟರು ಹೇಳಿದ ಹಾಗೆ ಮಾಡಿದರೆ ಸಾಕು. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಮಾತ್ರ ಮೊದಲೇ ಹೇಳಿಬಿಡಿ. ಅದು ಕೆಲವು ಹಾರ್ಮೋನ್ ರಿಪೋರ್ಟ್‌ಗಳನ್ನು ಅಡ್ಡಾದಿಡ್ಡಿ ಮಾಡುತ್ತದೆ.

ಅಂಡಾಶಯದಲ್ಲಿ ಬೆಳೆಯುವ ಮೊಟ್ಟೆ ದ್ರವ ತುಂಬಿದ ಪುಟ್ಟ ಚೀಲದೊಳಗೆ ಇರುತ್ತದೆ. ಅದಕ್ಕೆ ಫಾಲಿಕಲ್ ಅನ್ನುತ್ತಾರೆ. ಸ್ಕ್ಯಾನ್‌ನಲ್ಲಿ ಅಳೆಯುವುದು ಈ ಚೀಲವನ್ನು, ಮೊಟ್ಟೆಯನ್ನಲ್ಲ. ಚೀಲ ಬೆಳೆದಂತೆ ದ್ರವದಲ್ಲಿ ಈಸ್ಟ್ರೊಜೆನ್ ಏರುತ್ತದೆ, ಎಎಂಎಚ್ (ಪುಟ್ಟ ಫಾಲಿಕಲ್ ಹೆಚ್ಚಾಗಿ ತಯಾರಿಸುವ ಹಾರ್ಮೋನ್) ಇಳಿಯುತ್ತದೆ. ದೊಡ್ಡವು ಸುಮಾರು 17–18 ಮಿ.ಮೀ. ಮುಟ್ಟಿದಾಗ ಟ್ರಿಗರ್ ಕೊಡುತ್ತಾರೆ. ಆಮೇಲೆ ದ್ರವದಲ್ಲಿ ಪ್ರೊಜೆಸ್ಟರಾನ್ ಜಾಸ್ತಿಯಾಗುತ್ತದೆ, ಮೊಟ್ಟೆ ಬಲಿಯುತ್ತದೆ, ಚೀಲದ ಗೋಡೆಯಿಂದ ಸಡಿಲವಾಗುತ್ತದೆ. ಇದಕ್ಕೆಲ್ಲ 34ರಿಂದ 36 ಗಂಟೆ ಬೇಕು. ನೀವು ತಡವಾಗಿ ಚುಚ್ಚಿದರೆ ಪಿಕಪ್ (ಮೊಟ್ಟೆ ಹೊರತೆಗೆಯುವ) ಹೊತ್ತಿಗೆ ಮೊಟ್ಟೆ ಬಲಿತಿರುವುದಿಲ್ಲ. ತೀರಾ ಬೇಗ ಚುಚ್ಚಿದರೆ ಚೀಲ ಒಡೆದು ಮೊಟ್ಟೆ ಕೈತಪ್ಪಬಹುದು.

ಈ ದ್ರವದ ಹಾರ್ಮೋನ್ ನೋಡಿ ಗರ್ಭ ನಿಲ್ಲುತ್ತದೋ ಇಲ್ಲವೋ ಹೇಳುತ್ತೇವೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಸಂಶೋಧನೆ ಬೇಕಾದಷ್ಟು ನಡೆದಿದೆ, ಆದರೆ ಹಾಗೆ ಖಚಿತವಾಗಿ ಹೇಳುವ ಹಾರ್ಮೋನ್ ಒಂದೂ ಸಿಕ್ಕಿಲ್ಲ.

ಈಗ ಸಮಯದ ವಿಷಯ. ಚೀಟಿಯಲ್ಲಿ 'ಭಾನುವಾರ ರಾತ್ರಿ 12:30' ಎಂದಿದೆ ಅಂದುಕೊಳ್ಳಿ. ಶನಿವಾರ ಊಟ ಮುಗಿಸಿ ಎದ್ದಿರಬೇಕಾದ ರಾತ್ರಿಯಾ? ಭಾನುವಾರ ಊಟ ಆದ ಮೇಲಿನದಾ? ಇಲ್ಲೇ ಇಡೀ ಒಂದು ದಿನ ತಪ್ಪಿಹೋಗುತ್ತದೆ. ಅದಕ್ಕೇ ಮೊಟ್ಟೆ ತೆಗೆಯುವ ಸಮಯ ಕೇಳಿ, ಹಿಂದಕ್ಕೆ ಎಣಿಸಿ. ಸೋಮವಾರ ಬೆಳಿಗ್ಗೆ 11:30ಕ್ಕೆ ಪಿಕಪ್ ಇದ್ದರೆ, 35 ಗಂಟೆ ಹಿಂದೆ ಹೋದಾಗ ಸಿಗುವುದು ಶನಿವಾರ ರಾತ್ರಿ ಕಳೆದು ಬರುವ 12:30. ಲೆಕ್ಕ ಕೂಡಿಬರದಿದ್ದರೆ ಅಲ್ಲೇ ನರ್ಸ್ ಹತ್ತಿರ ಕೇಳಿ, ಸಂಕೋಚ ಬೇಡ. ಮೊಬೈಲ್‌ನಲ್ಲಿ ಎರಡು ಅಲಾರಂ ಇಡಿ, ಒಂದು ಗಂಡನ ಮೊಬೈಲ್‌ನಲ್ಲಿ.

ಔಷಧಿ ಪುಡಿಯ ರೂಪದಲ್ಲಿದ್ದರೆ ಇನ್ನೊಂದು ಗುಂಡಿ ಕಾದಿರುತ್ತದೆ. ಡಬ್ಬಿಯಲ್ಲಿ ಪುಡಿಯ ಬಾಟಲಿ ಬೇರೆ, ಅದನ್ನು ಕರಗಿಸುವ ನೀರು ಬೇರೆ. ಗಾಬರಿಯಲ್ಲಿ ಬರೀ ನೀರನ್ನೇ ಚುಚ್ಚಿಕೊಂಡವರಿದ್ದಾರೆ! ನೀರನ್ನು ಸಿರಿಂಜ್‌ಗೆ ಎಳೆದು, ಪುಡಿಯ ಬಾಟಲಿಯ ಗೋಡೆಗುಂಟ ನಿಧಾನಕ್ಕೆ ಬಿಡಿ. ಕುಲುಕಬೇಡಿ, ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ. ದ್ರಾವಣ ತಿಳಿಯಾದ ಮೇಲೆ ಪೂರ್ತಿ ಎಳೆದುಕೊಳ್ಳಿ. ಖಾಲಿ ಬಾಟಲಿ ಎಸೆಯಬೇಡಿ, ಫೋಟೊ ತೆಗೆದಿಡಿ. ಹೊಟ್ಟೆಯ ಚರ್ಮದಡಿ ಕೊಡುವುದೋ, ಸ್ನಾಯುವಿಗೆ ಕೊಡುವುದೋ ಮೊದಲೇ ಕೇಳಿರಿ. ಸ್ನಾಯುವಿಗಾದರೆ ಸ್ವಂತ ಸಾಹಸ ಬೇಡ, ನರ್ಸ್ ಹತ್ತಿರವೇ ಹಾಕಿಸಿ.

ಚೆಲ್ಲಿತಾ, ತಡವಾಯಿತಾ? ಸರಿಯಾದ ಸಮಯ ಹೇಳಿ ತಕ್ಷಣ ಫೋನ್ ಮಾಡಿ. ಬೈಗುಳದ ಭಯಕ್ಕೆ ಸುಳ್ಳು ಸಮಯ ಹೇಳಿದರೆ ನಷ್ಟ ನಿಮ್ಮದೇ. ಗೊತ್ತಾದರೆ ಪಿಕಪ್ ಸಮಯವನ್ನೇ ಮುಂದಕ್ಕೆ ಹಾಕಬಹುದು. ನೀವಾಗಿಯೇ ಇನ್ನೊಂದು ಡೋಸ್ ಮಾತ್ರ ತೆಗೆದುಕೊಳ್ಳಬೇಡಿ.

ಆಮೇಲೆ ಮನೆಯ ಪ್ರೆಗ್ನೆನ್ಸಿ ಕಿಟ್‌ನ ಆಸೆಗೆ ಬೀಳಬೇಡಿ. ಕೊಟ್ಟಿದ್ದು ಎಚ್‌ಸಿಜಿ ಟ್ರಿಗರ್ ಆಗಿದ್ದರೆ, ಕಿಟ್ ಹುಡುಕುವುದೂ ಅದೇ ಹಾರ್ಮೋನನ್ನು. ಹತ್ತು ಹದಿನಾಲ್ಕು ದಿನದವರೆಗೂ ಸುಮ್ನೆ ಎರಡು ಗೆರೆ ಬರಬಹುದು. ಕ್ಲಿನಿಕ್ ಹೇಳಿದ ದಿನ ರಕ್ತಪರೀಕ್ಷೆ ಮಾಡಿಸಿ.